ಮೆಂಟರ್ ಬರೆದ ನೋಟ್ಸ್ ಹೆಡ್ ಮಾಸ್ಟರ್ ಕೈಗೆ ಹೋಗಬೇಕಾ?

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ಶಾಲೆಯೊಂದರಲ್ಲಿ ಸಹ ಮುಖ್ಯಶಿಕ್ಷಕಿಯಾಗಿದ್ದೇನೆ. ಈ ವರ್ಷ ಹೊಸದಾಗಿ ಸೇರುವ ಪ್ರತಿ ಶಿಕ್ಷಕರಿಗೂ ಒಬ್ಬ ಹಿರಿಯ ಶಿಕ್ಷಕರನ್ನು ಮೆಂಟರ್ ಆಗಿ ಕೊಡಬೇಕು ಅಂತ ತೀರ್ಮಾನವಾಗಿದೆ. ಯೋಜನೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಐಡಿಯಾ ಒಳ್ಳೆಯದೇ. ಆದರೆ ಅದರ ಜೊತೆಗೆ ಒಂದು ಫಾರಂ ಕೂಡ ಬಂದಿದೆ. ಮೆಂಟರ್ ಪಾಠ ನೋಡಿ, ಫಾರಂ ತುಂಬಿ, ಹೆಡ್ ಮಾಸ್ಟರಿಗೆ ಕೊಡಬೇಕಂತೆ. ಪ್ರೊಬೇಷನ್ ಮುಗಿಸುವಾಗ ಅದನ್ನೂ ಪರಿಗಣಿಸುತ್ತಾರಂತೆ.

ನನಗೆ ಇದು ಸರಿ ಕಾಣುತ್ತಿಲ್ಲ. ತನ್ನ ಕಷ್ಟ ಹೇಳಿಕೊಳ್ಳಬೇಕಾದವರ ಮುಂದೆ ಅಂಕ ಹಾಕುವ ಪಟ್ಟಿ ಇದ್ದರೆ ಯಾರು ಬಾಯಿ ಬಿಡುತ್ತಾರೆ? ನಮ್ಮ ಯಜಮಾನರು ಸರ್ಕಾರಿ ಇಲಾಖೆಯಲ್ಲಿದ್ದಾರೆ. ಅಲ್ಲೂ ಅಧಿಕಾರಿಗಳಿಗೆ ಕೋಚಿಂಗ್ ಅಂತ ಶುರುವಾಗಿದೆ (ಪರೀಕ್ಷೆಗೆ ಓದಿಸುವ ಕೋಚಿಂಗ್ ಅಲ್ಲ). ಅಲ್ಲೂ ವರದಿ ಯಾರಿಗೆ ಹೋಗುತ್ತದೆ ಅನ್ನುವುದೇ ಗೊಂದಲ. ಶಾಲೆಯಲ್ಲೋ ಕಚೇರಿಯಲ್ಲೋ ಇಂಥದ್ದನ್ನು ನಡೆಸಿದವರು ಇದ್ದರೆ ದಯವಿಟ್ಟು ಹೇಳಿ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಬೀರುವಿಗೆ ಇನ್ನೊಂದು ರಿಜಿಸ್ಟರ್ ಸೇರುತ್ತದೆಯಾ?

ಹಳೇಬೆಂಚು:
ನಿವೃತ್ತ ಮುಖ್ಯಶಿಕ್ಷಕ ನಾನು. ನೇರವಾಗಿ ಹೇಳುತ್ತೇನೆ, ನೋಟ್ಸ್ ಹೆಡ್ ಮಾಸ್ಟರಿಗೆ ಹೋಗಲೇಬೇಕು. ಒಬ್ಬ ಶಿಕ್ಷಕರಿಗೆ ಪಾಠ ಮಾಡಲು ಬರುತ್ತಿಲ್ಲ ಅಂತ ಮೆಂಟರಿಗೆ ಗೊತ್ತು, ಹೆಡ್ ಮಾಸ್ಟರಿಗೆ ಗೊತ್ತಿಲ್ಲ ಅಂದರೆ ಅದೆಂಥ ವ್ಯವಸ್ಥೆ? ನಾಳೆ ಪೋಷಕರು ಬಂದು ಕೇಳಿದರೆ ಉತ್ತರ ಹೇಳಬೇಕಾದವರು ಯಾರು? ಈ ಕೋಚಿಂಗ್, ಮೆಂಟರಿಂಗ್ ಅನ್ನುವುದೆಲ್ಲ ಈಗ ಬಂದ ಹೆಸರು. ನಾವು ಹಿಂದಿನಿಂದಲೂ ತಿದ್ದುತ್ತಲೂ ಇದ್ದೆವು, ವರದಿಯನ್ನೂ ಬರೆಯುತ್ತಿದ್ದೆವು.

ಪ್ರಶ್ನಾರ್ಥಕ:
ಹಳೇಬೆಂಚು ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಎರಡನ್ನೂ ಒಬ್ಬರೇ ಮಾಡಿದಾಗ ಏನಾಗುತ್ತದೆ ಅಂತ ನೋಡಿದವರಿದ್ದಾರೆ. ಆಂಡ್ರ್ಯೂ ಹಾಬ್ಸನ್ ಮತ್ತು ಆಂಜಿ ಮಾಲ್ಡೆರೆಜ್ ಅನ್ನುವ ಸಂಶೋಧಕರು 2013ರಲ್ಲಿ ಇದಕ್ಕೆ 'ಜಡ್ಜ್‌ಮೆಂಟರಿಂಗ್' ಅಂತ ಹೆಸರಿಟ್ಟರು. ಮೆಂಟರ್ ಬಂದು ಪಾಠ ನೋಡುತ್ತಾರೆ, ಸರಿ ತಪ್ಪು ಪಟ್ಟಿ ಮಾಡುತ್ತಾರೆ, ತೀರ್ಪು ಕೊಟ್ಟು ಹೋಗುತ್ತಾರೆ. ಹೊಸಬರು ಕಲಿಯುವುದು ಏನನ್ನು? ಕಷ್ಟ ಮುಚ್ಚಿಡುವುದನ್ನು. ಮೆಂಟರ್ ಬರುವ ದಿನ ಚಾರ್ಟು, ಮಾದರಿ, ಗುಂಪು ಚಟುವಟಿಕೆ ಎಲ್ಲ ಇರುತ್ತದೆ. ಮಾರನೆಯ ದಿನ ಮತ್ತೆ ಮೊದಲಿನಂತೆ. ಹೆಡ್ ಮಾಸ್ಟರಿಗೆ ಸಿಗುವ ಮಾಹಿತಿಯೂ ಹುಸಿ, ಹೊಸಬರಿಗೆ ಸಿಗುವ ಸಹಾಯವೂ ಹುಸಿ.

ಇನ್ನೊಂದು ವಿಷಯ. ಕೋಚಿಂಗ್ ಮತ್ತು ಮೆಂಟರಿಂಗ್ ಎರಡನ್ನೂ ಒಂದೇ ಫಾರಂಗೆ ತುಂಬಬೇಡಿ. ಮೆಂಟರ್ ಅಂದರೆ ಅದೇ ಕೆಲಸ ಮಾಡಿ ಪಳಗಿದವರು. ದಾರಿ ಹೇಳುತ್ತಾರೆ, ಯಾರನ್ನು ಕೇಳಬೇಕು ಅಂತ ತೋರಿಸುತ್ತಾರೆ, ಧೈರ್ಯ ತುಂಬುತ್ತಾರೆ. ಈ ನಂಟು ವರ್ಷಗಟ್ಟಲೆ ಇರಬಹುದು. ಕೋಚ್ ಒಂದು ನಿರ್ದಿಷ್ಟ ಗುರಿ ಇಟ್ಟುಕೊಂಡು, ಕೆಲವು ಭೇಟಿಗಳಲ್ಲಿ, ಹೆಚ್ಚಾಗಿ ಪ್ರಶ್ನೆ ಕೇಳಿ ಎದುರಿನವರೇ ಯೋಚಿಸುವಂತೆ ಮಾಡುತ್ತಾರೆ. 1980ರ ದಶಕದಲ್ಲಿ ಜಾನ್ ವಿಟ್ಮೋರ್ ಅನ್ನುವ ಕೋಚ್ ಮತ್ತು ಸಂಗಡಿಗರು ರೂಪಿಸಿದ 'ಗ್ರೋ' ಕ್ರಮ ತುಂಬ ಬಳಕೆಯಲ್ಲಿದೆ. ಏನು ಬೇಕು, ಈಗ ಪರಿಸ್ಥಿತಿ ಹೇಗಿದೆ, ಯಾವ್ಯಾವ ದಾರಿ ಇವೆ, ಕೊನೆಗೆ ಏನು ಮಾಡುತ್ತೀರಿ. ಇಷ್ಟೇ. ಕೋಚ್ ಆದವರಿಗೆ ಆ ಕೆಲಸ ಗೊತ್ತಿರಲೇಬೇಕು ಅಂತ ಈ ಕ್ರಮದಲ್ಲಿ ಇಲ್ಲ.

ಎರಡನೇವರ್ಷ:
ಆ ಪ್ರಶ್ನೆಗಳ ಬಗ್ಗೆಯೇ ಒಂದು ಮಾತು. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೊದಲು ಸಿಕ್ಕ ಮೆಂಟರ್ ಯಾವುದೋ ತರಬೇತಿ ಮುಗಿಸಿ ಬಂದವರು. ಏನು ಕೇಳಿದರೂ "ನಿಮಗೇನು ಅನ್ನಿಸುತ್ತದೆ?" ಅನ್ನುತ್ತಿದ್ದರು. ಕ್ಲಾಸಿನಲ್ಲಿ ಅರ್ಧ ಮಕ್ಕಳು ಎದ್ದು ಓಡಾಡುತ್ತಿದ್ದಾರೆ, ಇನ್ನರ್ಧ ಮಕ್ಕಳು "ಪುಟ ಎಷ್ಟು ಮಿಸ್?" ಅಂತ ಕೂಗುತ್ತಿದ್ದಾರೆ. ನನಗೇನು ಅನ್ನಿಸುತ್ತದೆ? ಅಳು ಬರುತ್ತದೆ ಅನ್ನಿಸುತ್ತಿತ್ತು! ಉತ್ತರ ಗೊತ್ತಿದ್ದರೆ ನಾನು ಯಾಕೆ ಕೇಳುತ್ತಿದ್ದೆ?

ಆಮೇಲೆ ಪಕ್ಕದ ತರಗತಿಯ ಹಿರಿಯ ಮೇಡಂ ಒಬ್ಬರು ತಾವಾಗಿಯೇ ಬಂದು ಕೂತರು. ಪಾಠದ ಶುರುವಿನ ಹತ್ತು ನಿಮಿಷ ಮಾತ್ರ ನೋಡಿದರು. ಸಂಜೆ ಹೇಳಿದ್ದು ಒಂದೇ ವಿಷಯ. "ನೀನು ಪುಸ್ತಕ ತೆಗೆಯಿರಿ, ಪುಟ ಇಷ್ಟು, ಇಬ್ಬಿಬ್ಬರು ಸೇರಿ ಓದಿ ಅಂತ ಮೂರೂ ಒಂದೇ ಉಸಿರಿನಲ್ಲಿ ಹೇಳುತ್ತೀಯಮ್ಮಾ, ಅದೂ ಬೋರ್ಡಿನ ಕಡೆ ತಿರುಗಿಕೊಂಡು. ತಿರುಗಿ ನಿಲ್ಲು. ಒಂದು ಹೇಳು. ಎಲ್ಲರೂ ಮಾಡುವ ತನಕ ಸುಮ್ಮನಿರು. ಆಮೇಲೆ ಇನ್ನೊಂದು." ಹೇಳಿ ಬಿಡಲಿಲ್ಲ, ಖಾಲಿ ಕ್ಲಾಸಿನಲ್ಲಿ ನಿಲ್ಲಿಸಿ ನನ್ನಿಂದ ಹೇಳಿಸಿದರು. ನಾಚಿಕೆ ಆಯಿತು, ಆದರೆ ಮಾರನೆಯ ದಿನವೇ ವ್ಯತ್ಯಾಸ ಗೊತ್ತಾಯಿತು. ಅವರು ಯಾವ ಫಾರಂ ಕೂಡ ತುಂಬಲಿಲ್ಲ.

ಪ್ರಶ್ನಾರ್ಥಕ:
@ಎರಡನೇವರ್ಷ, ನೂರಕ್ಕೆ ನೂರು ಒಪ್ಪುತ್ತೇನೆ. ಪ್ರಶ್ನೆ ಕೇಳುವುದನ್ನೇ ಒಂದು ವ್ರತದಂತೆ ಹಿಡಿಯುವವರು ಜಾಸ್ತಿ ಆಗಿದ್ದಾರೆ. ಹೊಸಬರಿಗೆ ಮೊದಲು ತೋರಿಸಿಕೊಡಬೇಕು. ಅನುಭವ ಇರುವವರಿಗೆ ಪ್ರಶ್ನೆ ಕೆಲಸ ಮಾಡುತ್ತದೆ, ಯಾಕೆಂದರೆ ಹುಡುಕಿ ತೆಗೆಯಲು ಅವರೊಳಗೆ ಏನಾದರೂ ಇರುತ್ತದೆ. ಆ ಮೇಡಂ ಮಾಡಿದ್ದೇ ಶಾಲೆಗಳಲ್ಲಿ ಬೋಧನಾ ಕೋಚಿಂಗ್ ಅಂತ ಕರೆಯುವ ವಿಧಾನದ ತಿರುಳು. ಒಂದು ಸಲಕ್ಕೆ ಒಂದೇ ಸಣ್ಣ ಹೆಜ್ಜೆ, ಅದನ್ನು ಅಲ್ಲೇ ಮಾಡಿ ನೋಡುವುದು, ಮುಂದಿನ ವಾರ ಬಂದು ಅದನ್ನೇ ನೋಡುವುದು. "ಕ್ಲಾಸ್ ಕಂಟ್ರೋಲ್ ಸುಧಾರಿಸಿಕೊಳ್ಳಿ" ಅಂತ ಬರೆದುಕೊಟ್ಟರೆ ಅದು ಹೆಜ್ಜೆ ಆಗುವುದಿಲ್ಲ. ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಅದರಲ್ಲಿ ಇಲ್ಲವಲ್ಲ.

ಒಪ್ಪಿಗೆ ಇದ್ದರೆ ಫೋನಿನಲ್ಲಿ ಪಾಠದ ವಿಡಿಯೊ ಮಾಡಿಕೊಳ್ಳುವುದೂ ಒಳ್ಳೆಯದು. ಆದರೆ ಮೊದಲು ಶಿಕ್ಷಕರು ಒಬ್ಬರೇ ಕೂತು ನೋಡಬೇಕು. ಅರ್ಧ ವಿಷಯ ಅವರಿಗೇ ಹೊಳೆಯುತ್ತದೆ, ಮೆಂಟರ್ ಹೇಳುವ ಅಗತ್ಯವೇ ಬರುವುದಿಲ್ಲ. ಮಕ್ಕಳ ಮುಖ ಬರುವುದರಿಂದ ಶಾಲೆಯ ಅನುಮತಿ ಬೇಕು, ನೋಡಿದ ಮೇಲೆ ಅಳಿಸಬೇಕು.

ಅಂಕಿಸಂಖ್ಯೆ:
ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಕಾರ್ಯಾಗಾರದಲ್ಲಿ ಕೇಳಿದ್ದು ತರಗತಿಗೆ ಬರುವುದೇ ಇಲ್ಲ ಅನ್ನುವ ದೂರು ಹಳೆಯದು. 1980ರ ದಶಕದ ಆರಂಭದಲ್ಲೇ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಅನ್ನುವ ಶಿಕ್ಷಣ ಸಂಶೋಧಕರು ಇದನ್ನು ಎತ್ತಿದರು. ವಿಷಯ ವಿವರಿಸಿ, ಮಾಡಿ ತೋರಿಸಿ ಬಿಟ್ಟರೆ ಸಾಲದು, ತರಗತಿಯಲ್ಲಿ ಜೊತೆಗಿದ್ದು ಕೋಚಿಂಗ್ ಮಾಡಿದಾಗಲೇ ಅದು ರೂಢಿಗೆ ಬರುತ್ತದೆ ಅನ್ನುವುದು ಅವರ ವಾದ.

ಇತ್ತೀಚಿನದು ಬೇಕು ಅಂದರೆ, ಮ್ಯಾಥ್ಯೂ ಕ್ರಾಫ್ಟ್, ಡೇವಿಡ್ ಬ್ಲೇಜರ್, ಡಿಲನ್ ಹೋಗನ್ 2018ರಲ್ಲಿ 60 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ನೋಡಿದರು. ಕೋಚಿಂಗ್ ಪಡೆದ ಶಿಕ್ಷಕರ ಬೋಧನೆಯಲ್ಲಿ 0.49 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದರ ಅಳತೆ ಇದು), ಮಕ್ಕಳ ಕಲಿಕೆಯಲ್ಲಿ 0.18ರಷ್ಟು ಸುಧಾರಣೆ ಕಂಡಿತು. ಶಿಕ್ಷಣದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಆದರೆ ಖುಷಿಪಡುವ ಮೊದಲು ಅದೇ ಅಧ್ಯಯನದ ಇನ್ನೊಂದು ಮಾತು ಓದಿ. ಯೋಜನೆ ದೊಡ್ಡದಾದಷ್ಟೂ ಫಲ ಇಳಿಯಿತು. ಕೆಲವೇ ಶಿಕ್ಷಕರಿದ್ದಾಗ ಕಂಡಷ್ಟು ಪರಿಣಾಮ ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಹರಡಿದಾಗ ಉಳಿಯಲಿಲ್ಲ. ಒಳ್ಳೆಯ ಕೋಚ್‌ಗಳು ಅಷ್ಟು ಸಂಖ್ಯೆಯಲ್ಲಿ ಎಲ್ಲಿ ಸಿಗುತ್ತಾರೆ ಹೇಳಿ. "ಎಲ್ಲ ಶಾಲೆಗಳಲ್ಲೂ ಈ ತಿಂಗಳಿಂದಲೇ ಜಾರಿ" ಅನ್ನುವ ಸುತ್ತೋಲೆ ಕಂಡಾಗ ನನಗೆ ಇದೇ ನೆನಪಾಗುವುದು.

ಕಡತವಿಲೇ:
ಸರ್ಕಾರಿ ಕಚೇರಿ ಕಡೆಯಿಂದ ನಾನು ಬರೆಯುತ್ತೇನೆ. ಶಾಲೆಯಲ್ಲಿ ಒಂದು ಅನುಕೂಲ ಇದೆ, ಹೋಗಿ ಕೂತು ನೋಡಲು ಒಂದು ಪಾಠ ಇರುತ್ತದೆ. ಕಚೇರಿಯಲ್ಲಿ ಏನು ನೋಡುತ್ತೀರಿ? ಫೈಲ್ ಓದುವುದನ್ನಾ? ಹಾಗಾಗಿ ಇಲ್ಲಿ ಕೋಚಿಂಗ್ ಅಂದರೆ ಮುಚ್ಚಿದ ಬಾಗಿಲ ಹಿಂದೆ ಮಾತುಕತೆ. ಅದೂ ಮೇಲಿನ ಹಂತದವರಿಗೆ ಮಾತ್ರ. ಸಾಹೇಬರಿಗೆ ಕೋಚ್, ಕೌಂಟರಿನಲ್ಲಿ ಕೂತವರಿಗೆ ಮೆಮೊ. ಜನರ ಬೈಗುಳ ದಿನವೂ ಕೇಳುವವರು ಯಾರು ಅಂತ ಸಾಹೇಬರಿಗೆ ಗೊತ್ತಿದೆ, ಕೋಚಿಗೆ ಗೊತ್ತಿರುವುದಿಲ್ಲ.

ನೋಡಬಹುದಾದದ್ದು ಇಲ್ಲಿಯೂ ಇದೆ ಅನ್ನಿ, ಹುಡುಕಬೇಕು ಅಷ್ಟೇ. ಮೀಟಿಂಗ್ ನಡೆಸುವ ರೀತಿ ನೋಡಬಹುದು. ಅರ್ಜಿ ತಿರಸ್ಕಾರವಾಗಿದೆ ಅಂತ ಒಬ್ಬರಿಗೆ ಹೇಳುವ ರೀತಿ ನೋಡಬಹುದು. ಕಡತದ ಮೇಲೆ ಬರೆಯುವ ಟಿಪ್ಪಣಿಯನ್ನು ಇಬ್ಬರೂ ಕೂತು ಓದಬಹುದು. ನಾನು ಕೆಲಸ ಕಲಿತಿದ್ದು ಹಾಗೆಯೇ. ನಮ್ಮ ಸೂಪರಿಂಟೆಂಡೆಂಟ್ ನನ್ನ ಟಿಪ್ಪಣಿ ಓದಿ, "ಇದನ್ನು ಓದಿದವರಿಗೆ ನೀನು ಏನು ಶಿಫಾರಸು ಮಾಡುತ್ತಿದ್ದೀಯ ಅಂತ ಗೊತ್ತಾಗುತ್ತದಾ?" ಅಂತ ಕೇಳುತ್ತಿದ್ದರು. ಒಳ್ಳೆಯ ಕೋಚಿಂಗ್ ಪ್ರಶ್ನೆ ಅಲ್ವಾ ಅದು! ಆದರೆ ನಿಯಮ ಏನು ಹೇಳುತ್ತದೆ ಅಂತ ನಾನು ಕೇಳಿದರೆ ಅವರು ಪ್ರಶ್ನೆ ತಿರುಗಿಸುತ್ತಿರಲಿಲ್ಲ, ನಿಯಮ ತೆಗೆದು ತೋರಿಸುತ್ತಿದ್ದರು. ನಿಯಮದಲ್ಲಿ ಇರುವ ವಿಷಯಕ್ಕೆ "ನಿಮ್ಮ ಮುಂದೆ ಯಾವ ಆಯ್ಕೆಗಳಿವೆ?" ಅಂತ ಹೊರಗಿನ ಕೋಚ್ ಒಬ್ಬರು ಕೇಳುವುದು ನೋಡಿದ್ದೇನೆ. ಆಯ್ಕೆಯೇ ಇಲ್ಲ ಸ್ವಾಮಿ, ಕಾನೂನು ಇದೆ.

ನಮ್ಮಲ್ಲಿ ದೊಡ್ಡ ತೊಂದರೆ ವರ್ಗಾವಣೆ. ನಂಬಿಕೆ ಬರುವ ಹೊತ್ತಿಗೆ ಮೆಂಟರ್ ಇನ್ನೊಂದು ಕಚೇರಿಯಲ್ಲಿ ಇರುತ್ತಾರೆ. ಕ್ಯಾಥಿ ಕ್ರಾಮ್ ಅನ್ನುವ ಸಂಶೋಧಕಿ 1983ರಲ್ಲೇ ಮೆಂಟರಿಂಗ್ ನಂಟಿಗೆ ನಾಲ್ಕು ಘಟ್ಟ ಇವೆ ಅಂತ ಬರೆದಿದ್ದರು. ಶುರುವಾಗುವುದು, ಬೆಳೆಯುವುದು, ಬೇರೆಯಾಗುವುದು, ಕೊನೆಗೆ ಸಮಾನರಂತೆ ಹೊಸ ರೂಪ ಪಡೆಯುವುದು. ನಮ್ಮ ಕಚೇರಿಗಳಲ್ಲಿ ಎರಡನೆಯದೇ ಪೂರ್ತಿ ಆಗುವುದಿಲ್ಲ. ಅದಕ್ಕೇ ನನ್ನ ಸಲಹೆ, ಮೆಂಟರ್ ಅದೇ ಶಾಖೆಯವರೇ ಇರಬೇಕು ಅಂತ ಹಟ ಬೇಡ. ವರ್ಗಾವಣೆ ಆದ ಮೇಲೂ ಫೋನಿನಲ್ಲಿ ಮುಂದುವರಿಯಲು ಬಿಡಿ. ನೇರ ಮೇಲಧಿಕಾರಿ ಅಲ್ಲದಿದ್ದರೆ ಇನ್ನೂ ಒಳ್ಳೆಯದು, ರಜೆ ಮಂಜೂರು ಮಾಡುವವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಹಳೇಬೆಂಚು:
ಎಲ್ಲ ಓದಿದೆ. ಮಾರನೆಯ ದಿನ ಮತ್ತೆ ಮೊದಲಿನಂತೆ ಅನ್ನುವುದು ನಿಜ, ನಾನೂ ಕಿಟಕಿಯಿಂದ ನೋಡಿದ್ದೇನೆ. ಆದರೂ ಒಂದು ಪ್ರಶ್ನೆಗೆ ಯಾರೂ ಉತ್ತರ ಹೇಳಿಲ್ಲ. ಮೆಂಟರ್ ಕೂತಿರುವಾಗಲೇ ಶಿಕ್ಷಕರು ಮಗುವಿಗೆ ಹೊಡೆದರು ಅಂತ ಇಟ್ಟುಕೊಳ್ಳಿ. ಆಗಲೂ "ಇದು ನಮ್ಮಿಬ್ಬರ ನಡುವಿನ ಮಾತು" ಅನ್ನುತ್ತೀರಾ?

ಪ್ರಶ್ನಾರ್ಥಕ:
ಇಲ್ಲ ಸರ್. ಖಂಡಿತ ಇಲ್ಲ. ಮಗುವಿನ ಸುರಕ್ಷತೆ, ಹಣದ ದುರುಪಯೋಗ, ಕಾನೂನು ಉಲ್ಲಂಘನೆ, ಯಾರದಾದರೂ ಜೀವಕ್ಕೆ ಅಪಾಯ ಇವು ಬಂದರೆ ಗುಟ್ಟು ಅನ್ನುವುದೇ ಇಲ್ಲ. ಹೇಳಲೇಬೇಕು. ಮುಖ್ಯ ಏನು ಅಂದರೆ, ಈ ಗೆರೆ ಎಲ್ಲಿದೆ ಅಂತ ಮೊದಲ ದಿನವೇ ಮೂವರೂ ಕೂತು ಮಾತಾಡಿಕೊಳ್ಳುವುದು. ಹೊಸ ಶಿಕ್ಷಕರು, ಮೆಂಟರ್, ಹೆಡ್ ಮಾಸ್ಟರ್. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಭೇಟಿ ಆಗಿದೆಯೋ ಇಲ್ಲವೋ ಅನ್ನುವುದು ಹೆಡ್ ಮಾಸ್ಟರಿಗೆ ಗೊತ್ತಾಗಬೇಕು. ಯಾವ ವಿಷಯದ ಮೇಲೆ ಕೆಲಸ ನಡೆಯುತ್ತಿದೆ ಅನ್ನುವುದನ್ನು ಬೇಕಿದ್ದರೆ ಶಿಕ್ಷಕರೇ ಹೇಳಿಕೊಳ್ಳಲಿ. ಭೇಟಿಯಲ್ಲಿ ಏನು ಮಾತಾಯಿತು, ಎಲ್ಲಿ ಎಡವಿದರು ಅನ್ನುವುದು ಹೊರಗೆ ಬರಬಾರದು. ನೋಟ್ಸ್ ಶಿಕ್ಷಕರ ಬಳಿಯೇ ಇರಲಿ. ಅದು ಅವರದ್ದು.

ಪ್ರೊಬೇಷನ್ ತೀರ್ಮಾನಕ್ಕೆ ಹೆಡ್ ಮಾಸ್ಟರ್ ತಾವೇ ಬಂದು ಪಾಠ ನೋಡಲಿ, ಮೊದಲೇ ಹೇಳಿ ಬರಲಿ. ಅದು ಅವರ ಅಧಿಕಾರ, ಹೊಣೆ ಎರಡೂ ಹೌದು. ಮೆಂಟರ್ ಕಣ್ಣನ್ನು ಎರವಲು ಪಡೆಯುವುದು ಬೇಡ.

ಹಳೇಬೆಂಚು:
ಇದು ಒಪ್ಪುವ ಮಾತು. ಆದರೆ ಮೂರೇ ಜನ ಶಿಕ್ಷಕರಿರುವ ಶಾಲೆಯಲ್ಲಿ? ಅಲ್ಲಿ ಹೆಡ್ ಮಾಸ್ಟರೇ ಪಾಠ ಮಾಡುತ್ತಾರೆ, ಅವರೇ ಮೆಂಟರ್, ಅವರೇ ವರದಿ ಬರೆಯುವವರು. ಪುಸ್ತಕದಲ್ಲಿ ಬರೆದ ವ್ಯವಸ್ಥೆಯೆಲ್ಲ ದೊಡ್ಡ ಶಾಲೆ ನೋಡಿ ಬರೆದದ್ದು ಅಂತ ನನ್ನ ಅನುಮಾನ.

ಎರಡನೇವರ್ಷ:
ಹತ್ತಿರದ ಇನ್ನೊಂದು ಸಣ್ಣ ಶಾಲೆ ಜೊತೆ ಅದಲು ಬದಲು ಮಾಡಿಕೊಳ್ಳಬಹುದಲ್ಲ ಸರ್? ಅವರ ಹೊಸಬರಿಗೆ ನೀವು, ನಿಮ್ಮ ಹೊಸಬರಿಗೆ ಅವರು. ವರದಿ ಮಾತ್ರ ಅವರವರ ಶಾಲೆಯಲ್ಲೇ.

ಹಳೇಬೆಂಚು:
ಆಗಬಹುದು. ಇದು ನನಗೆ ಹೊಳೆದಿರಲಿಲ್ಲ ಮಗಳೇ. ಅದೂ ಸಾಧ್ಯ ಇಲ್ಲದಿದ್ದರೆ, ಕನಿಷ್ಠ ಬಾಗಿಲಲ್ಲಿ ನಿಂತು "ಇವತ್ತು ನಾನು ಸಹಾಯಕ್ಕೆ ಬಂದಿದ್ದೇನೆ" ಅಥವಾ "ಇವತ್ತು ವರದಿಗೆ ಬಂದಿದ್ದೇನೆ" ಅಂತ ಹೇಳಿ ಒಳಗೆ ಹೋಗಬೇಕು. ಮತ್ತು ಹೇಳಿದ ಮೇಲೆ ಆ ಮಾತಿಗೆ ತಪ್ಪಬಾರದು. ಒಂದು ಸಲ ತಪ್ಪಿದರೆ ಸ್ಟಾಫ್ ರೂಮಿಗೆಲ್ಲ ಗೊತ್ತಾಗುತ್ತದೆ.

ಕೊನೇಪಿರಿಯಡ್:
ನಾನು ಮೆಂಟರ್ ಆಗಿರುವವಳು. ಇಷ್ಟು ಹೊತ್ತು ಎಲ್ಲರೂ ಗುಟ್ಟಿನ ಬಗ್ಗೆ ಮಾತಾಡಿದಿರಿ. ಸಮಯದ ಬಗ್ಗೆ ಯಾರೂ ಎತ್ತಲಿಲ್ಲ. ನನಗೆ ವಾರಕ್ಕೆ ಒಂದೇ ಒಂದು ಪಿರಿಯಡ್ ಕೂಡ ಕಡಿಮೆ ಮಾಡಿಲ್ಲ. ಹೊಸಬರ ಪಾಠ ಇರುವಾಗ ನನಗೂ ಪಾಠ ಇರುತ್ತದೆ. ಹೋಗಿ ನೋಡುವುದು ಹೇಗೆ? ಸಂಜೆ ಗಂಟೆ ಹೊಡೆದ ಮೇಲೆ ಇಬ್ಬರಿಗೂ ಸುಸ್ತು. ಕಾರಿಡಾರಿನಲ್ಲಿ ನಿಂತು "ಎಲ್ಲ ಸರಿ ನಡೀತಿದೆಯಾ?" "ಹ್ಞೂಂ ಮೇಡಂ" ಅಂತ ಮುಗಿಯುತ್ತದೆ. ಆಮೇಲೆ ಫಾರಂ ಕೇಳುತ್ತಾರೆ, ತುಂಬಿ ಕೊಡುತ್ತೇವೆ. ಇಂಥ ಫಾರಂನಲ್ಲಿ ಏನಿರುತ್ತದೆ ಅಂತ ನಿಮಗೇ ಗೊತ್ತು.

ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷದ ಬೆಂಬಲ ಕಾರ್ಯಕ್ರಮ ಬಂತು. ಪ್ರತಿಯೊಬ್ಬರಿಗೂ ಮೆಂಟರ್, ಮೊದಲ ವರ್ಷ ಹೊಸಬರ ಟೈಮ್‌ಟೇಬಲಿನಲ್ಲಿ ಶೇ. 10 ಕಡಿತ, ಎರಡನೇ ವರ್ಷ ಶೇ. 5. ಅಷ್ಟು ವ್ಯವಸ್ಥೆ ಮಾಡಿದ ಕಡೆಯೇ ಮೆಂಟರ್‌ಗಳು ತಮಗೆ ಸಮಯ ಸಾಲುತ್ತಿಲ್ಲ ಅಂತ ದೂರಿದರು. ಹಾಗಿರುವಾಗ ಏನೂ ಕಡಿತ ಮಾಡದೆ ಮೆಂಟರಿಂಗ್ ಅಂದರೆ ಅದು ಹೆಸರಿಗೆ ಮಾತ್ರ. ಸೀಮೆಸುಣ್ಣ ಮೇಡಂ, ನೀವು ಯೋಜನೆ ಬರೆಯುವಾಗ ಮೊದಲ ಪುಟದಲ್ಲಿ ಟೈಮ್‌ಟೇಬಲ್ ಹಾಕಿ. ಇಬ್ಬರಿಗೂ ಒಟ್ಟಿಗೆ ಬಿಡುವಿರುವ ಒಂದು ಪಿರಿಯಡ್, ಮೆಂಟರ್ ಹೋಗಿ ನೋಡಲು ಇನ್ನೊಂದು. ಆ ಪಿರಿಯಡಿಗೆ ಯಾರನ್ನೂ ಬದಲಿ ಕ್ಲಾಸಿಗೆ ಕಳಿಸಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಯಾರಾದರೂ ರಜೆ ಹಾಕಿದರೆ ಮೊದಲು ಕಿತ್ತುಕೊಳ್ಳುವುದು ಅದನ್ನೇ.

ಇನ್ನು ಮೆಂಟರ್ ಆಯ್ಕೆ. ಸೀನಿಯಾರಿಟಿ ಪಟ್ಟಿ ನೋಡಿ ಹಂಚಬೇಡಿ. ತುಂಬ ಚೆನ್ನಾಗಿ ಪಾಠ ಮಾಡುವ ಕೆಲವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಬಿಡಿಸಿ ಹೇಳಲು ಬರುವುದಿಲ್ಲ. "ಅದು ಹಾಗೇ ಬರುತ್ತದೆ" ಅನ್ನುತ್ತಾರೆ. ಹೊಸಬರಿಗೆ ಹಾಗೇ ಬರುವುದಿಲ್ಲವಲ್ಲ! ಒಂದೇ ವಿಷಯ ಕಲಿಸುವವರಾದರೆ ಒಳ್ಳೆಯದು. ಗಣಿತದ ಪಾಠ ಎಲ್ಲಿ ಕಗ್ಗಂಟಾಯಿತು ಅಂತ ಭಾಷೆ ಕಲಿಸುವ ನನಗೆ ಗೊತ್ತಾಗುವುದಿಲ್ಲ. ಮೆಂಟರ್ ಆಗಲು ಮನಸ್ಸಿಲ್ಲದವರನ್ನಂತೂ ಬಿಟ್ಟುಬಿಡಿ.

ಅಂಕಿಸಂಖ್ಯೆ:
ಹೊಸಬರಿಗೆ ಸರಿಯಾಗಿ ಬೆಂಬಲ ಕೊಟ್ಟರೆ ಉಪಯೋಗ ಇದೆ ಅನ್ನುವುದಕ್ಕೆ ಇನ್ನೊಂದು ಆಧಾರವೂ ಇದೆ. ರಿಚರ್ಡ್ ಇಂಗರ್ಸಾಲ್ ಮತ್ತು ಮೈಕೆಲ್ ಸ್ಟ್ರಾಂಗ್ 2011ರಲ್ಲಿ ಹೊಸ ಶಿಕ್ಷಕರ ಬೆಂಬಲದ ಬಗ್ಗೆ 15 ಅಧ್ಯಯನಗಳನ್ನು ಪರಿಶೀಲಿಸಿದರು. ಹೆಚ್ಚಿನವು ಬೆಂಬಲದಿಂದ ಒಳ್ಳೆಯದೇ ಆಗುತ್ತದೆ ಅಂದವು, ಕೆಲಸ ಬಿಡುವುದು ಕಡಿಮೆಯಾಗುವುದೂ ಸೇರಿ. ಅಂದಹಾಗೆ, ಯೋಜನೆ ಗೆದ್ದಿತಾ ಅಂತ ಅಳೆಯುವಾಗ ಭೇಟಿಗಳ ಸಂಖ್ಯೆ ಎಣಿಸಬೇಡಿ. ಎಣಿಸಿದ್ದು ಖಂಡಿತ ಪೂರ್ತಿ ಆಗುತ್ತದೆ, ಕಾಗದದ ಮೇಲೆ. ಹೊಸಬರನ್ನೇ ಹೆಸರಿಲ್ಲದೆ ಕೇಳಿ, ಕಳೆದ ತಿಂಗಳು ಮೆಂಟರ್ ಮಾತಿನಿಂದ ತರಗತಿಯಲ್ಲಿ ಏನನ್ನು ಬದಲಿಸಿದಿರಿ ಅಂತ. ಉತ್ತರ ಖಾಲಿ ಬಂದರೆ ಗೊತ್ತಾಗುತ್ತದೆ.

ಕಡತವಿಲೇ:
ಖಾಲಿ ಬರುವುದಿಲ್ಲ. "ತುಂಬ ಉಪಯುಕ್ತವಾಯಿತು" ಅಂತ ಬರುತ್ತದೆ. 😄 ಕೈಬರಹ ಗೊತ್ತಾಗುವ ಸಣ್ಣ ಕಚೇರಿಯಲ್ಲಿ ಹೆಸರಿಲ್ಲದ ಫಾರಂ ಅನ್ನುವುದು ಇಲ್ಲ.

ಸೀಮೆಸುಣ್ಣ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಫಾರಂ ಬಿಡಲು ಹೆಡ್ ಮಾಸ್ಟರ್ ಸುಲಭಕ್ಕೆ ಒಪ್ಪುವುದಿಲ್ಲ ಅಂತ ಗೊತ್ತು. ಹಾಗಾಗಿ ಫಾರಂ ಉಳಿಸಿ, ಒಳಗಿರುವುದನ್ನು ಬದಲಿಸಿದ್ದೇನೆ. ದಿನಾಂಕ, ಭೇಟಿ ಆಯಿತೇ, ಮುಂದಿನ ಭೇಟಿ ಯಾವಾಗ, ಇಬ್ಬರ ಸಹಿ. ಅಷ್ಟೇ. ಉಳಿದದ್ದು ಹೊಸಬರ ನೋಟ್‌ಬುಕ್ಕಿನಲ್ಲಿ. ಸುರಕ್ಷತೆಯ ಗೆರೆ ಯಾವುದು ಅಂತ ಮೂವರೂ ಸಹಿ ಮಾಡುವ ಹಾಳೆ ಬೇರೆ ಇದೆ. ಟೈಮ್‌ಟೇಬಲ್ ಮೊದಲ ಪುಟಕ್ಕೆ ಹೋಗಿದೆ. ಎಲ್ಲರಿಗೂ ಒಟ್ಟಿಗೆ ಬೇಡ, ಮೊದಲು ಮನಸ್ಸಿರುವ ಕೆಲವು ಜೋಡಿಗಳಿಂದ ಶುರು ಮಾಡೋಣ ಅಂತಲೂ ಬರೆದಿದ್ದೇನೆ.

ಇನ್ನೊಂದು ಸಂಶಯ. ಜೋಡಿ ಹೊಂದಲಿಲ್ಲ ಅಂದರೆ? ಬದಲಿಸಿ ಅಂತ ಹೊಸಬರು ಹೇಗೆ ಕೇಳುತ್ತಾರೆ, ಹಿರಿಯರಿಗೆ ಬೇಸರ ಆಗುವುದಿಲ್ಲವಾ?

ಎರಡನೇವರ್ಷ:
ಕೇಳುವುದಿಲ್ಲ ಮೇಡಂ. ನಾನೂ ಕೇಳಿರಲಿಲ್ಲ.

ಕೊನೇಪಿರಿಯಡ್:
ಅದಕ್ಕೇ ಕೇಳುವ ಪ್ರಮೇಯ ಬರದಂತೆ ಮಾಡಿ. ಮೊದಲ ಟರ್ಮ್ ಮುಗಿದ ಕೂಡಲೇ ಎಲ್ಲ ಜೋಡಿಗಳೂ ಮುಗಿದವು ಅಂತ ನಿಯಮ ಹಾಕಿ. ಮುಂದುವರಿಯಬೇಕು ಅನ್ನುವವರು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ನಿಮಗೆ ಬರೆದುಕೊಡಲಿ. ಎರಡೂ ಚೀಟಿ ಬಂದರೆ ಮುಂದುವರಿಯಲಿ, ಇಲ್ಲದಿದ್ದರೆ ಹೊಸ ಜೋಡಿ. ಯಾರ ಚೀಟಿ ಬರಲಿಲ್ಲ ಅಂತ ನೀವು ಯಾರಿಗೂ ಹೇಳಬೇಡಿ. ಮೆಂಟರ್ ಕಡೆಯಿಂದಲೂ ಬೇಡ ಅನ್ನುವ ಹಕ್ಕು ಇರಬೇಕು ಮೇಡಂ, ನಮಗೂ ಎಲ್ಲರೂ ಹೊಂದುವುದಿಲ್ಲ.

ಸೀಮೆಸುಣ್ಣ:
ಇದನ್ನು ಹಾಗೇ ಸೇರಿಸುತ್ತೇನೆ. ಸೋಮವಾರ ಹೆಡ್ ಮಾಸ್ಟರ್ ಮುಂದೆ ಇಡಬೇಕು. ಹಳೇಬೆಂಚು ಸರ್, ಅವರು ಏನೇನು ಆಕ್ಷೇಪ ಎತ್ತಬಹುದು ಅಂತ ಒಂದು ಪಟ್ಟಿ ಮಾಡಿ ಕೊಡುತ್ತೀರಾ? ಅವರ ಜಾಗದಲ್ಲಿ ಕೂತು ಯೋಚಿಸುವುದು ನಿಮಗೆ ಸುಲಭ.

ಹಳೇಬೆಂಚು:
ಕೊಡುತ್ತೇನೆ. ಮೊದಲನೆಯದು ಈಗಲೇ ಬರೆದುಕೊಳ್ಳಿ: "ಆ ಎರಡು ಪಿರಿಯಡ್ ಯಾರು ತೆಗೆದುಕೊಳ್ಳುತ್ತಾರೆ?" ಇದಕ್ಕೆ ಉತ್ತರ ಇಲ್ಲದೆ ಕೋಣೆಯೊಳಗೆ ಹೋಗಬೇಡಿ.